ನಮ್ಮತ್ತೆ ಲಸಿಕೆಯನ್ನು ವಿಚಾರಿಸಿದ್ದು

ಬಯಾಲಜಿ ಮೇಡಂ ಅಂತ ಬೀದಿಗೆಲ್ಲ ಗೊತ್ತಾದ ಮೇಲೆ ನೆಮ್ಮದಿಯಾಗಿ ಸೊಪ್ಪು ಕೊಳ್ಳುವುದಕ್ಕೂ ಆಗುವುದಿಲ್ಲ. ಕೊತ್ತಂಬರಿ ಆರಿಸುತ್ತಿರುವಾಗಲೇ ಒಬ್ಬರು ಮಂಡಿನೋವಿನ ಕತೆ ತೆಗೆಯುತ್ತಾರೆ, ಇನ್ನೊಬ್ಬರು ನಾಲಿಗೆ ಚಾಚಿ ತೋರಿಸುತ್ತಾರೆ. ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುವವಳು, ಡಾಕ್ಟರ್ ಅಲ್ಲ ಎಂದರೆ, "ಗೊತ್ತು ಮೇಡಂ, ಡಾಕ್ಟರಾಗಿದ್ರೆ ಇಷ್ಟೊತ್ತು ಎಲ್ಲಿ ಕೇಳಿಸ್ಕೋತಿದ್ರಿ" ಅನ್ನುತ್ತಾರೆ. ಇಂಥವು ಆಗುತ್ತಲೇ ಇರುತ್ತವೆ, ಮರೆತೂ ಹೋಗುತ್ತವೆ. ಕೊರೊನಾ ಲಸಿಕೆ ಬಂದ ಆ ವರ್ಷದವು ಮಾತ್ರ ಮರೆತಿಲ್ಲ. ಈಗಲೂ ಕ್ಲಾಸಿನ ಮಧ್ಯೆ ನೆನಪಾಗಿ, ಬೋರ್ಡಿನ ಕಡೆ ತಿರುಗಿ ನಗಬೇಕಾಗುತ್ತದೆ.

ಎಲ್ಲಿಯ ಕಡೆಯದು?

ನಮ್ಮತ್ತೆ ಆರ್‌ಪಿಸಿ ಲೇಔಟಿನ ಹಳಬರು. ಸುತ್ತಮುತ್ತಲ ಎಷ್ಟೋ ಮನೆಗಳ ಮದುವೆ ಕುದುರಿಸಿದವರು, ಅದೂ ಬರೀ ಖುಷಿಗೆ. ಅವರದೊಂದು ನಿಯಮವಿತ್ತು. ಎಂಥ ಗಂಡೇ ಬರಲಿ, ಮೂರು ಕಡೆ ವಿಚಾರಿಸದೆ ಹೆಣ್ಣಿನ ಮನೆ ಹೊಸ್ತಿಲು ದಾಟಿಸುವ ಹಾಗಿಲ್ಲ.

ಲಸಿಕೆಗೂ ಅದೇ ನಿಯಮ ಹಾಕಿದರು. "ಎಲ್ಲಿಯ ಕಡೆಯದು? ಒಳಗೆ ಹೋದ್ಮೇಲೆ ಏನ್ ಕೆಲಸ ಮಾಡತ್ತೆ? ಕೆಲಸ ಮುಗಿದ್ಮೇಲೆ ಎಲ್ಲಿರತ್ತೆ? ಇದೊಂದೂ ಗೊತ್ತಿಲ್ದೆ ಮೈಯೊಳಗೆ ಹೇಗೆ ಬಿಟ್ಕೊಳ್ಳೋದು?"

ಅವರ ಅಕ್ಕ ಕೆಂಗೇರಿಯಲ್ಲಿದ್ದರು. ನಾವೆಲ್ಲ ದೊಡ್ಡಮ್ಮ ಅನ್ನುತ್ತಿದ್ದೆವು. ಎಂಬತ್ತು ದಾಟಿದ್ದರು, ಉಬ್ಬಸ ಬೇರೆ. ವರ್ಷಕ್ಕೊಮ್ಮೆ ಅಕ್ಕತಂಗಿ ಎದುರುಬದುರು ಕೂತು ಉದ್ದಿನ ಹಪ್ಪಳ ಮಾಡುವುದು ಅವರಿಬ್ಬರ ಮದುವೆಗಿಂತ ಹಳೆಯ ಪದ್ಧತಿ. ಹಿಟ್ಟು ಅಕ್ಕನದು, ಲಟ್ಟಣಿಗೆ ತಂಗಿಯದು. ಹಿಂದಿನ ವರ್ಷ ಲಾಕ್‌ಡೌನಿನಲ್ಲಿ ಅದು ತಪ್ಪಿಹೋಗಿತ್ತು. ಈ ಸಲ ದೊಡ್ಡಮ್ಮ ತಾವು ಲಸಿಕೆ ಹಾಕಿಸಿಕೊಂಡು ಬಂದವರೇ ಫೋನ್ ಮಾಡಿದರು. "ನೀನೂ ಚುಚ್ಚಿಸ್ಕೊಂಡು ಬಾ. ಇಲ್ದಿದ್ರೆ ಗೇಟ್ ತೆಗೆಯಲ್ಲ. ಲಟ್ಟಿಸೋಕೆ ಪಕ್ಕದ್ಮನೆಯವಳನ್ನ ಕರ್ಕೋತೀನಿ."

ಅತ್ತೆ ಎರಡು ದಿನ ಲಟ್ಟಣಿಗೆ ತೆಗೆದು ಒರೆಸುವುದು, ಮತ್ತೆ ಒಳಗಿಡುವುದು ಮಾಡಿದರು. ಮೂರನೆಯ ದಿನ ನನ್ನನ್ನು ಕೂರಿಸಿಕೊಂಡು, ತಿಳಿಯುವ ಹಾಗೆ ಹೇಳು, ತಿಳಿದರೆ ಹಾಕಿಸಿಕೊಳ್ಳುತ್ತೇನೆ ಅಂದರು. ನಾನು ಪ್ರತಿಕಾಯ, ಬಿಳಿರಕ್ತಕಣ ಎಂದೆಲ್ಲ ಹತ್ತು ನಿಮಿಷ ಹೇಳಿದೆ. ಪೂರ್ತಿ ಕೇಳಿ ಎದ್ದರು.

"ನಿನ್ನ ಕಾಲೇಜ್ ಮಕ್ಕಳು ಪಾಸಾಗ್ತಿರೋದು ಅವರವರ ಪುಣ್ಯದಿಂದ ಕಣೇ."

ಒಗ್ಗರಣೆಯ ಪ್ರಶ್ನೆ

ಹತ್ತಿರದ ಕಲ್ಯಾಣ ಮಂಟಪದಲ್ಲಿ ಲಸಿಕೆ ಶಿಬಿರ ಹಾಕಿದ್ದರು. ಬಂದವರ ಅನುಮಾನ ಪರಿಹರಿಸುವ ಮೇಜು ನನ್ನ ಪಾಲಿಗೆ ಬಂತು. ವಧೂವರರು ಕೂರುವ ಕೆಂಪು ಸಿಂಹಾಸನವನ್ನು ವೇದಿಕೆಯಿಂದ ತೆಗೆದಿರಲಿಲ್ಲ. ಚುಚ್ಚಿಸಿಕೊಂಡು ತಲೆಸುತ್ತು ಬಂದವರನ್ನು ಅದರ ಮೇಲೆ ಕೂರಿಸುತ್ತಿದ್ದೆವು.

ಮೊದಲ ವಾರ ಬಂದದ್ದು ಸತ್ತ ವೈರಸ್ಸಿನ ಲಸಿಕೆ. ಇದರಲ್ಲಿರುವುದು ಇಡೀ ವೈರಸ್ಸೇ, ಆದರೆ ಕೊಂದು ಹಾಕಿದ್ದು; ರೋಗ ತರಲಾರದು; ದೇಹ ಅದರ ರೂಪ ನೋಡಿ ಗುರುತಿಟ್ಟುಕೊಳ್ಳುತ್ತದೆ ಅಂತ ಮೈಕಿನಲ್ಲಿ ಹೇಳಿದೆ. ನಮ್ಮ ಎದುರು ಮನೆಯ ಆಂಟಿ, ಮಡಿ ಮೈಲಿಗೆಯಲ್ಲಿ ಬಹಳ ಕಟ್ಟುನಿಟ್ಟು, ಮೆಲ್ಲಗೆ ಬಂದು, ಸತ್ತದ್ದು ಮೈಯೊಳಗೇ ಹೋದರೆ ಎಷ್ಟು ಸ್ನಾನ ಮಾಡಬೇಕು ಎಂದು ಕೇಳಿದರು. ಏನೂ ಬೇಡ ಅಂದೆ. ಚುಚ್ಚಿಸಿಕೊಂಡು ಹೋದರು.

ನಾಲ್ಕು ದಿನ ಬಿಟ್ಟು ಅವರ ಯಜಮಾನರು ನನ್ನ ಮೇಜಿನ ಮುಂದೆ ನಿಂತಿದ್ದರು. ಮುಖ ಸೊರಗಿತ್ತು. ಜ್ವರವೇ ಅಂದೆ. ಅಲ್ಲವಂತೆ. ಅವರಲ್ಲಿ ಸೂತಕ ಇದ್ದಾಗ ಅಡುಗೆಗೆ ಒಗ್ಗರಣೆ ಹಾಕುವುದಿಲ್ಲ.

"ವೈರಸ್ಸಿನ ಸೂತಕ ಮೂರು ದಿನಾನೋ ಹತ್ತು ದಿನಾನೋ ನೀವೇ ಹೇಳ್ಬಿಡಿ ಮೇಡಂ. ನಾಲ್ಕು ದಿನದಿಂದ ಸಪ್ಪೆ ಸಾರು."

ಮೂರೇ ದಿನ, ನಿನ್ನೆಗೇ ಮುಗಿಯಿತು ಅಂದುಬಿಟ್ಟೆ. ನನ್ನ ವೃತ್ತಿಜೀವನದಲ್ಲಿ ಯಾವ ಉತ್ತರಕ್ಕೂ ಅಷ್ಟು ದೊಡ್ಡ ನಮಸ್ಕಾರ ಸಿಕ್ಕಿಲ್ಲ.

ಶನಿವಾರದವರು

ಸಂಜೆ ಮನೆಗೆ ಬಂದರೆ ಅತ್ತೆಗೆ ವರದಿ ಒಪ್ಪಿಸಬೇಕು. ಸೂತಕದ ಕತೆಗೆ ಕಣ್ಣೀರು ಬರುವಷ್ಟು ನಕ್ಕರು. ಆದರೆ, "ಇದು ಒಂದ್ ಕಡೆ ವಿಚಾರಿಸಿದ ಹಾಗಾಯ್ತು. ಇನ್ನೆರಡು" ಅಂದರು.

ಮುಂದಿನ ವಾರ ಬಂದದ್ದು ಬೇರೆ ಬಗೆಯದು. ಚಿಂಪಾಂಜಿಗೆ ನೆಗಡಿ ತರುವ ಒಂದು ವೈರಸ್ಸನ್ನು ಹಿಡಿದು, ಮೈಯಲ್ಲಿ ಹೆಚ್ಚಿಕೊಳ್ಳದ ಹಾಗೆ ಮಾಡಿ, ಅದರ ಕೈಯಲ್ಲೊಂದು ಚೀಟಿ ಕೊಟ್ಟು ಒಳಗೆ ಕಳಿಸುವುದು. ಕೊರೊನಾದ ಮೈಮೇಲಿನ ಮುಳ್ಳು ಹೇಗಿರುತ್ತದೆ ಅಂತ ಚೀಟಿಯಲ್ಲಿರುತ್ತದೆ. ನಮ್ಮ ಜೀವಕೋಶಗಳು ಅದನ್ನು ಓದಿ ಮುಳ್ಳು ತಯಾರಿಸುತ್ತವೆ, ದೇಹ ಆ ಮುಳ್ಳು ನೋಡಿ ಎಚ್ಚರಗೊಳ್ಳುತ್ತದೆ.

ಇದನ್ನು ಹೇಳಿದ್ದೇ ತಡ, ಬಸವೇಶ್ವರನಗರದಿಂದ ಬಂದಿದ್ದ ಒಬ್ಬರು ಎದ್ದು ನಿಂತರು. ರಿಟೈರಾದ ಹೆಡ್ ಕ್ಲರ್ಕ್, ಹಣೆ ತುಂಬ ಸಿಂಧೂರ. ಜಗಳ ಬಂತು ಅಂದುಕೊಂಡೆ. ಅವರು ಕೈಮುಗಿದು, ಚಿಂಪಾಂಜಿ ಅಂದರೆ ನಮ್ಮ ಆಂಜನೇಯನ ಕಡೆಯದೇ ಅಲ್ಲವೇ ಎಂದರು. ದೂರದ ಸಂಬಂಧ ಇರಬಹುದು ಅಂದೆ. ಹಾಗಿದ್ದರೆ ಬುಧವಾರ ಬೇಡ, ಶನಿವಾರ ಬರುತ್ತೇನೆ ಅಂತ ಟೋಕನ್ ವಾಪಸ್ ಕೊಟ್ಟು ಹೋದರು.

ಶನಿವಾರ ಅವರ ಭಜನಾ ಮಂಡಳಿ ಪೂರ್ತಿ ಬಂತು, ಒಂದು ಬುಟ್ಟಿ ವಡೆಯ ಜೊತೆ. ಲಸಿಕೆಯ ಐಸ್ ಬಾಕ್ಸಿಗೆ ದೂರದಿಂದಲೇ ನೈವೇದ್ಯ ತೋರಿಸಿ, ಸಾಲಿನಲ್ಲಿದ್ದವರಿಗೆಲ್ಲ ಹಂಚಿದರು. ಹೊಟ್ಟೆ ತುಂಬಿದ್ದಕ್ಕೋ ಏನೋ, ಆ ದಿನ ತಲೆಸುತ್ತು ಬಂದು ಸಿಂಹಾಸನ ಏರಿದವರು ಒಬ್ಬರೂ ಇಲ್ಲ. ಸಂಜೆ ನರ್ಸಮ್ಮ ಕೊನೆಯ ವಡೆ ಮುರಿಯುತ್ತಾ, "ಮೇಡಂ, ಮುಂದಿನ ವಾರಾನೂ ಆಂಜನೇಯಂದೇ ತರ್ಸೋಕಾಗತ್ತಾ ಕೇಳಿ" ಅಂದರು.

ಚೀಟಿ ಅಡುಗೆ

ಇನ್ನೆರಡು ಬಗೆ ನಮ್ಮ ಶಿಬಿರಕ್ಕೆ ಬರಲೇ ಇಲ್ಲ. ಆದರೂ ಅತ್ತೆಗೆ ಬೇಕು. ಬಾರದ ಗಂಡನ್ನೂ ವಿಚಾರಿಸಿಟ್ಟುಕೊಳ್ಳುವುದು ಅವರ ರೂಢಿ.

ಒಂದರಲ್ಲಿ ಹೊತ್ತೊಯ್ಯುವ ವೈರಸ್ಸೂ ಇಲ್ಲ, ಬರೀ ಚೀಟಿ ಅಂದೆ. ಅದನ್ನೊಂದು ಕೊಬ್ಬಿನ ಹನಿಯಲ್ಲಿ ಸುತ್ತಿ ಕೊಡುತ್ತಾರೆ. ಜೀವಕೋಶ ಚೀಟಿ ನೋಡಿಕೊಂಡು ಮುಳ್ಳು ಮಾಡುತ್ತದೆ. ಆಮೇಲೆ ಚೀಟಿ ಕರಗಿಹೋಗುತ್ತದೆ. ಅತ್ತೆ ನಮ್ಮ ಫ್ರಿಜ್ಜಿನ ಬಾಗಿಲು ನೋಡಿದರು. ಅಲ್ಲಿ ನಾನು ಬಿಸಿಬೇಳೆಬಾತಿನ ಅಳತೆ ಬರೆದು ಅಂಟಿಸಿದ್ದೆ.

"ಚೀಟಿ ನೋಡ್ಕೊಂಡು ಮಾಡೋರ ಅಡುಗೆ ಹೇಗಿರತ್ತೆ ಅಂತ ನಂಗೆ ಯಾರೂ ಹೇಳ್ಬೇಕಾಗಿಲ್ಲ."

ಕೊನೆಯದರಲ್ಲಿ ನಮ್ಮ ದೇಹ ಏನೂ ತಯಾರಿಸಬೇಕಿಲ್ಲ, ಮುಳ್ಳನ್ನು ಹೊರಗೇ ಮಾಡಿ ತರುತ್ತಾರೆ, ಅಂಗಡಿ ಹಪ್ಪಳದ ಹಾಗೆ ಅಂದುಬಿಟ್ಟೆ. ಹಪ್ಪಳ ಅನ್ನಬಾರದಿತ್ತು. ಅತ್ತೆ ಅಟ್ಟದ ಮೇಲಿನ ಸ್ಟೀಲ್ ಡಬ್ಬಿಯನ್ನೇ ನೋಡುತ್ತಾ ಕೂತರು. ಅದು ಖಾಲಿಯಾಗಿ ವರ್ಷವಾಗುತ್ತಾ ಬಂದಿತ್ತು.

"ಅಂದ್ರೆ, ಯಾವ ದಾರೀಲಿ ಬಂದ್ರೂ ಕೊನೆಗೆ ಆ ಕೊರೊನಾ ಅನ್ನೋನ ಗುರುತು ಹಿಡಿಸೋದೇ ತಾನೇ?"

ಹೂಂ ಅಂದೆ.

"ಇದನ್ನ ಮೊದಲ್ನೇ ದಿನವೇ ಹೇಳೋಕೇನಾಗಿತ್ತು ನಿಂಗೆ?"

ಮರುದಿನ ಬೆಳಿಗ್ಗೆ ನನಗಿಂತ ಮೊದಲೇ ಮಂಟಪದ ಬಾಗಿಲಲ್ಲಿದ್ದರು.

ಗಿರಿಜಾ ಮೀಸೆ

ಎರಡು ಡೋಸೂ ಮುಗಿದು, ಊರು ಬಾಗಿಲು ತೆಗೆಯುವ ಹೊತ್ತಿಗೆ ಬೇಸಿಗೆ ಹೋಗಿಬಿಟ್ಟಿತ್ತು. ಮಳೆ ಬಿಡುವು ಕೊಟ್ಟ ಒಂದು ಬಿಸಿಲಿನ ದಿನ ಆಟೋದಲ್ಲಿ ಕೆಂಗೇರಿಗೆ ಹೋದೆವು. ದೊಡ್ಡಮ್ಮ ಗೇಟಿನ ಹತ್ತಿರವೇ ಕುರ್ಚಿ ಹಾಕಿಕೊಂಡು ಕೂತಿದ್ದರು. ತಂಗಿಯನ್ನು ನೋಡಿ, "ಹಿಟ್ಟು ಒಣಗ್ತಿದೆ, ಬಾ" ಅಂದರು. ದೊಡ್ಡಮ್ಮ ಈಗಿಲ್ಲ. ಅವರಿಬ್ಬರಿಗೂ ಆಮೇಲೆ ಎರಡು ಬೇಸಿಗೆ ಮಾತ್ರ ಸಿಕ್ಕಿದವು. ಆದರೆ ನನಗೆ ಹಪ್ಪಳ ಅಂದರೆ ಆ ಮಳೆಗಾಲದ ಬಿಸಿಲೇ ನೆನಪಾಗುವುದು.

ಉಂಡೆ ಕಟ್ಟುತ್ತಾ ದೊಡ್ಡಮ್ಮ, ಒಳಗೆ ಹೋದದ್ದು ಏನು ಮಾಡುತ್ತದೆ ಅಂತ ತಮಗೆ ಯಾರೂ ಹೇಳಲಿಲ್ಲ ಅಂದರು. ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಲಟ್ಟಣಿಗೆ ಎತ್ತಿ ನನ್ನನ್ನು ತಡೆದರು.

"ಅಕ್ಕ, ಊರಲ್ಲಿ ಹೆಂಡ್ತಿ ಇಟ್ಕೊಂಡು ನಂದಿನಿ ಲೇಔಟಲ್ಲಿ ಹೆಣ್ಣು ನೋಡೋಕೆ ಬಂದಿದ್ನಲ್ಲ, ಗಿರಿಜಾ ಮೀಸೆಯವನು? ಅವನನ್ನ ಕಟ್ಟಿಹಾಕಿ, ಏನೂ ಮಾಡೋಕಾಗದ ಹಾಗೆ ಮನೆಮನೆಗೆ ತೋರಿಸಿದ್ರೆ ಅದು ಸತ್ತಿದ್ದು. ಬರೀ ಮೀಸೆ ಮಾಡಿಸಿ ತೋರಿಸಿದ್ರೆ ಅದು ಅಂಗಡೀದು. ಮೀಸೆ ಹೀಗಿದೆ ಅಂತ ಚೀಟಿ ಬರ್ದು ಪಾಪದವನೊಬ್ಬನ ಕೈಲಿ ಕಳಿಸಿದ್ರೆ ಆಂಜನೇಯಂದು. ಅದೇ ಚೀಟೀನ ಎಣ್ಣೆ ಕಾಗದದಲ್ಲಿ ಸುತ್ತಿ ಬಾಗಿಲ ಸಂದೀಲಿ ತಳ್ಳಿದ್ರೆ ಇನ್ನೊಂದು. ಚೀಟಿ ಬಂದ್ರೆ ಮನೆಯವ್ರೇ ಓದಿ ಮೀಸೆ ಬರ್ಕೋತಾರೆ. ಹೇಗಾದ್ರೂ ಸರಿ, ನಾಳೆ ಆ ಮೀಸೆ ಬಂದು ಬೆಲ್ ಮಾಡಿದ್ರೆ ಯಾರೂ ಕದ ತೆಗೆಯಲ್ಲ."

ಇವತ್ತಿಗೂ ನಾನು ಕ್ಲಾಸಿನಲ್ಲಿ ಹೇಳುವುದು ಈ ಮೀಸೆಯನ್ನೇ.

ದೊಡ್ಡಮ್ಮ ತಲೆಯಾಡಿಸಿದರು. ಎಲ್ಲ ಸರಿ, ಎರಡು ಸಲ ಯಾಕೆ ಚುಚ್ಚಬೇಕು ಅಂದರು.

ಅತ್ತೆ ಹಪ್ಪಳ ತಿರುಗಿಸಿ ಹಾಕಿ, ನನ್ನ ಕಡೆ ಒಮ್ಮೆ ನೋಡಿದರು.

"ಒಂದ್ ಸಲ ನೋಡಿದ್ರೆ ಸಾಲಲ್ಲ ಅಕ್ಕ. ಇವಳನ್ನ ನೋಡೋಕೆ ಹೋಗಿದ್ವಲ್ಲ, ಉಪ್ಪಿಟ್ಟು ಚೆನ್ನಾಗಿದೆ ಅಂತ ಒಂದೇ ಸಲಕ್ಕೆ ಒಪ್ಕೊಂಡ್‌ಬಿಟ್ಟೆ. ಎರಡ್ನೇ ಸಲ ಹೋಗಿದ್ರೆ, ಅದು ಅವರಮ್ಮ ಮಾಡಿದ್ದು ಅಂತ ಗೊತ್ತಾಗ್ತಿತ್ತು."