ಬ್ರೆಡ್ಡಿಗೆ ಗಾಳಿ ಬೀಸಿದವನು

ಬೇರೆ ಗಂಡಸರು ಪೇಟೆಗೆ ಹೋದರೆ ಚಹಾ ಕುಡಿದು ಬರುತ್ತಾರೆ. ನನ್ನ ಮೈದುನ ಅಂಗಡಿ ಅಂಗಡಿ ಸುತ್ತಿ ಖಾಲಿ ಕವರು ಮೂಸಿ ಬರುತ್ತಾನೆ! ಹುಚ್ಚೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೇನೆ, ಅವನ ಮುಖಕ್ಕೇ.

ಸಂಗತಿ ಇಷ್ಟು. ಲಕ್ವ ಹೊಡೆದ ಮೇಲೆ ಅವನ ಹೆಂಡತಿಯ ಗಂಟಲಲ್ಲಿ ಇಳಿಯುವುದು ಹಾಲಲ್ಲಿ ಅದ್ದಿದ ಮೆತ್ತನೆಯ ಬ್ರೆಡ್ಡೊಂದೇ. ಒಣಗಿದ್ದನ್ನು ಅದ್ದಿ ಕೊಟ್ಟರೂ ಪುಡಿ ಸಿಕ್ಕಿಕೊಂಡು ಕೆಮ್ಮುತ್ತಾಳೆ, ಗಂಜಿ ಕೊಟ್ಟರೆ ಉಗುಳುತ್ತಾಳೆ. ನಾವಿರುವುದು ಉಡುತಡಿ, ಬೇಕರಿ ಇರುವುದು ಶಿಕಾರಿಪುರ. ತಂದ ಬ್ರೆಡ್ಡು ಎರಡು ದಿನಕ್ಕೆ ಬೂಷ್ಟು ಹಿಡಿದರೆ ಅವಳಿಗೆ ಉಪವಾಸ. ದಿನಾ ಹೋಗಿ ತರಬಹುದಲ್ಲ? ತರಬಹುದು. ಅಷ್ಟು ಹೊತ್ತು ಅವಳನ್ನು ಎತ್ತಿ ಕೂರಿಸುವವರು ಯಾರು? ನನ್ನ ಸೊಂಟ ನನ್ನನ್ನೇ ಎತ್ತುವುದಿಲ್ಲ.

ಹಾಗಾಗಿ ಯಾವುದರಲ್ಲಿ ಹೆಚ್ಚು ದಿನ ತಡೆಯುತ್ತದೆಂದು ನೋಡಲು ಅವನು ಒಂದು ಬ್ರೆಡ್ಡನ್ನು ತುಂಡು ಮಾಡಿ ಪೇಪರಿನಲ್ಲಿ, ಮುತ್ತುಗದ ಎಲೆಯಲ್ಲಿ, ಅದು ಬಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ದೇವರ ಗೂಡಿನ ಪಕ್ಕ ಸಾಲಾಗಿ ಇಟ್ಟ. ಪೂಜೆಗೆ ಬಂದ ಅಯ್ಯನವರು ಪ್ರಸಾದವೆಂದು ಕೈ ಹಾಕಿದರು.

"ಮುಟ್ಟಬ್ಯಾಡ್ರೀ ಅಯ್ನೋರೇ, ಅದಿನ್ನೂ ಕೆಡಬೇಕು" ಎಂದ.

ಪೇಪರಿನದು, ಎಲೆಯದು ಹಂಚಿನ ಚೂರಿನಂತಾದವು. ಒಂದು ತುಂಡು ಫ್ರಿಜ್ಜಿನಲ್ಲೂ ಇಟ್ಟಿದ್ದ, ಅದೂ ಗಟ್ಟಿ. ಪ್ಲಾಸ್ಟಿಕ್ಕಿನದು ಮೆತ್ತಗೇ ಇತ್ತು, ಆದರೆ ಹಸಿರು ಗಡ್ಡ ಬಂದಿತ್ತು. ಕವರಿನ ಒಳಗೆಲ್ಲ ನೀರ ಹನಿ. ಬೇಕರಿಯವನು ಬಿಸಿ ಇರುವಾಗಲೇ ತುಂಬಿ ಬಾಯಿ ಕಟ್ಟುತ್ತಾನೆ. ಅವನದೂ ತಪ್ಪಲ್ಲ. ನಮ್ಮ ಜನ ಪ್ಯಾಕೆಟ್ಟು ಮುಟ್ಟಿ ನೋಡಿ, ತಣ್ಣಗಿದ್ದರೆ ನಿನ್ನೆಯದೆಂದು ವಾಪಸ್ ಕೊಡುತ್ತಾರೆ.

"ಬಿಸಿದು ಕಟ್ಟಿದ್ರೆ ಒಳಗ ಬೆವರ್ತತಿ ರೀ" ಎಂದು ಬೇಕರಿಗೇ ಹೋಗಿ ಹೇಳಿದ ಮೈದುನ.

"ಹಂಗಾರೆ ಫ್ಯಾನ್ ಹಾಕ್ಲೇನು ಯಜಮಾನ್ರೇ?" ಎಂದ ಬೇಕರಿಯವನು.

ಇವನು ಹೆಗಲ ಟವೆಲ್ಲು ತೆಗೆದು ತಾನೇ ಬೀಸುತ್ತಾ ಕೂತ! ಬ್ರೆಡ್ಡು ತಣಿಯುವಷ್ಟರಲ್ಲಿ ಬಸ್ಸು ಹೋಗಿತ್ತು.

"ಅಕಿ ಹಸದು ಮಲಗ್ಯಾಳ, ನೀನು ಬ್ರೆಡ್ಡಿಗೆ ಸೇವೆ ಮಾಡ್ಕಂತ ಕುಂತಿದ್ಯಾ?" ಎಂದು, ತಡವಾಗಿ ಮನೆ ಸೇರಿದವನಿಗೆ ಚೆನ್ನಾಗಿ ಬೈದೆ. ಅವನು ಕಿವಿಗೇ ಹಾಕಿಕೊಳ್ಳದೆ ಬ್ರೆಡ್ಡನ್ನು, ಬೂಷ್ಟಿನ ವಾಸನೆಯಿಲ್ಲವೆಂದು ಪೇಟೆಯಲ್ಲಿ ಮೂಸಿ ಆರಿಸಿ ತಂದ ಒಣ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು, ಬಿಗಿಯಾಗಿ ಕಟ್ಟಿದ.

ನಾಲ್ಕನೆಯ ದಿನ ಬಿಚ್ಚಿದೆವು. ಬೂಷ್ಟಿಲ್ಲ. ಒತ್ತಿದರೆ ಬೆರಳು ಇಳಿಯುತ್ತದೆ. ಒಂದು ತುಂಡನ್ನು ಹಾಲಲ್ಲಿ ಅದ್ದಿ ಅವಳ ಕೈಗಿಟ್ಟ. ಅವಳು ಬಾಯಿಗಿಡದೆ ಅವನ ಕಡೆಗೇ ಚಾಚಿದಳು.

"ನೀನ್ ತಿನ್ನು. ನಿನಗಂತ ಅಲ್ಲೇನು ಇಷ್ಟೆಲ್ಲ?" ಎಂದ.

ಅವಳ ಮಾತು ತೊದಲು. ನನ್ನ ಕಡೆ ತಿರುಗಿ ನಿಧಾನಕ್ಕೆ ಹೇಳಿದಳು: "ಗಟ್ಟಿ ಆಗಿದ್ದೆಲ್ಲ ಇವ್ರೇ ತಿಂದಾರಕ್ಕ. ನನಗ ನಿದ್ದಿ ಬಂದತಿ ಅನ್ಕಂಡು, ನೀರಾಗ ಅದ್ದಿಕಂಡು."

ಎಮ್ಮೆಗೆ ಹಾಕಿದ್ದಾನೆಂದು ನಾನು ತಿಳಿದಿದ್ದೆ.

ಅವಳು ಚಾಚಿದ ಕೈ ಹಿಂದಕ್ಕೆ ಎಳೆಯಲಿಲ್ಲ. ಅವನು ಬಗ್ಗಿ ಬಾಯಿ ತೆರೆದ.