ಶಿಳ್ಳೆ ಬೀಳದ ಸೊಪ್ರಾನೊ

ಪೋ ನದಿಯ ಬಯಲಿನಲ್ಲಿರುವ ಮೊಂತಾರ್ಜಿನೆ ಪಟ್ಟಣದ ನಗರಸಭಾ ಒಪೆರಾ ಮಂದಿರದಲ್ಲಿ, ಮೇಲಟ್ಟದ ಶ್ರೋತೃಗಳಿಂದ ಒಮ್ಮೆಯಾದರೂ ಶಿಳ್ಳೆ ಹಾಕಿಸಿಕೊಳ್ಳದ ಗಾಯಕಿಯನ್ನು ಮುಖ್ಯ ಪಾತ್ರಕ್ಕೆ ಪರಿಗಣಿಸತಕ್ಕದ್ದಲ್ಲ. ಇದು ನಿಯಮ. ಇಲ್ಲಿ ಶಿಳ್ಳೆಯೆಂದರೆ ಛೀಮಾರಿ. ಮೆಚ್ಚುಗೆ ಸೂಚಿಸಲು ದೇವರು ಎರಡು ಕೈಗಳನ್ನು ಬೇರೆಯಾಗಿಯೇ ಕೊಟ್ಟಿದ್ದಾನೆ. ನಿಯಮಕ್ಕೆ ಕಾರಣವೂ ಇದೆ. ಬಹಳ ಹಿಂದೆ ಒಬ್ಬ ಗಾಯಕಿ ಜೀವಮಾನದಲ್ಲೇ ಮೊದಲ ಸಲ ಶಿಳ್ಳೆ ಕೇಳಿ, ಮೂರ್ಛೆ ಹೋಗಿ, ವೇದಿಕೆಯಿಂದ ಕೆಳಗೆ ವಾದ್ಯದವರ ನಗಾರಿಯ ಮೇಲೆ ಬಿದ್ದಳು. ಗಾಯಕಿ ಬದುಕಿಕೊಂಡಳು, ನಗಾರಿ ಹರಿಯಿತು. ಅಂದಿನಿಂದ ಆಡಳಿತ ಮಂಡಳಿಯು ನಗಾರಿಯ ಹಿತದೃಷ್ಟಿಯಿಂದ ಅನುಭವಸ್ಥರನ್ನೇ ನೇಮಿಸುತ್ತ ಬಂದಿದೆ.

ಸೊಪ್ರಾನೊ, ಅಂದರೆ ತಾರಸ್ವರದ ಗಾಯಕಿ, ಓರ್ನೆಲ್ಲಾ ಬೆರ್ತುಚ್ಚಿಯ ದುರದೃಷ್ಟವೆಂದರೆ ಅವಳ ಹಾಡಿನಲ್ಲಿ ಹೆಸರಿಗೊಂದು ತಪ್ಪೂ ಸಿಗುತ್ತಿರಲಿಲ್ಲ. ಹಲವು ವರ್ಷಗಳಿಂದ ಅವಳು ದಾಸಿಯಾಗಿ, ಕುರಿಗಾಹಿಯಾಗಿ, ಮೂರನೆಯ ಜಲಕನ್ಯೆಯಾಗಿ ಹಾಡುತ್ತಿದ್ದಳು. ಪತ್ರಿಕೆಗಳು ಪ್ರತಿ ಸಲವೂ ಅವಳನ್ನು 'ಉದಯೋನ್ಮುಖ ಸೊಪ್ರಾನೊ' ಎಂದು ಕರೆಯುತ್ತಿದ್ದವು. ಉದಯಿಸಲು ಸೂರ್ಯನೂ ಇಷ್ಟು ಹೊತ್ತು ತೆಗೆದುಕೊಂಡವನಲ್ಲ. ಆ ವರ್ಷ ಡಿಸೆಂಬರಿನ ಮೊದಲ ಪ್ರದರ್ಶನದಲ್ಲಿ ವಿಷ ಕುಡಿದ ರಾಣಿಯ ಪಾತ್ರವಿತ್ತು. ರಾಣಿ ವಿಷ ಕುಡಿದ ಮೇಲೂ ಒಂದು ಅಂಕ ಪೂರ್ತಿ ಹಾಡುತ್ತಾಳೆ. ಆ ಹಾಡನ್ನು ಓರ್ನೆಲ್ಲಾ ಚಿಕ್ಕಂದಿನಲ್ಲೇ, ತೊರ್ತೆಲ್ಲಿನಿ ಎಂಬ ಪುಟ್ಟ ಕಡುಬುಗಳ ಅಂಗಡಿಯಿಟ್ಟಿದ್ದ ಅಮ್ಮ ಪಲ್ಮೀರಾಳ ಹಿಟ್ಟಿನ ಮಣೆಯ ಪಕ್ಕದಲ್ಲಿ ಕಲಿತಿದ್ದಳು. ಈ ಸಲವೂ ಪಾತ್ರ ಕೈತಪ್ಪಿದರೆ ಹಾಡುವುದನ್ನೇ ಬಿಟ್ಟು ಅಂಗಡಿಯಲ್ಲಿ ಕೂರುವುದೆಂದು ಅವಳು ನಿಶ್ಚಯಿಸಿದ್ದಳು.

ಮಂದಿರದ ಮುಖ್ಯಾಧಿಕಾರಿ ದೊತ್ತೋರ್ ಬಾಲ್ದೆಲ್ಲಿ ಅವಳನ್ನು ಪ್ರೀತಿಯಿಂದಲೇ ಕೂರಿಸಿದರು.

"ನಿನ್ನ ಕಂಠ ಬಂಗಾರ ಕಣಮ್ಮ. ಆದ್ರೆ ಅರ್ಹತೆ ಎಲ್ಲಿದೆ?"

"ಚೆನ್ನಾಗಿ ಹಾಡಿದ್ದೇ ತಪ್ಪಾ, ದೊತ್ತೋರೆ?"

"ತಪ್ಪು ಅಂತ ಯಾರಂದ್ರು? ತಪ್ಪು ಮಾಡಿದ್ರೆ ಎಂದೋ ಕೆಲಸ ಆಗಿರೋದು! ಲಿಯೊಪೋಲ್ದಾ ಅವ್ರನ್ನ ನೋಡಿ ಕಲಿ. ಅರವತ್ತು ದಾಟಿದೆ, ಹೋದ ವರ್ಷ ಒಂದೇ ಅಂಕದಲ್ಲಿ ಎರಡು ಸಲ ಶಿಳ್ಳೆ ಹಾಕಿಸ್ಕೊಂಡ್ರು. ಅದು ಸೇವೆ ಅಂದ್ರೆ."

"ಹಾಗಾದ್ರೆ ನಾನೇನು ಮಾಡ್ಲಿ?"

"ಮೇಲಟ್ಟದೋರನ್ನೇ ಹೋಗಿ ಕೇಳ್ಕೊ. ನಾನು ಹೇಳ್ದೆ ಅನ್ಬೇಡ. ಅಥ್ವಾ ಅನ್ನು. ಅವ್ರಿಗೆ ನನ್ನ ಕಂಡ್ರೆ ಆಗಲ್ಲ, ಆ ಸಿಟ್ಟಲ್ಲಾದ್ರೂ ಒಂದು ಹಾಕಿಯಾರು."

ಮೇಲಟ್ಟವೆಂದರೆ ಛಾವಣಿಗೆ ತಲೆ ತಾಗುವ, ಎಲ್ಲಕ್ಕಿಂತ ಅಗ್ಗದ ಆಸನಗಳ ಜಾಗ. ಊರಿನಲ್ಲಿ ಸುಳ್ಳು ಹೇಳದ ಕಿವಿಗಳು ಅಲ್ಲಿ ಮಾತ್ರ ಇವೆಯೆಂದು ಪ್ರತೀತಿ. ಅಲ್ಲಿನ ಶ್ರೋತೃ ಸಂಘದ ಅಧ್ಯಕ್ಷರು ನಿವೃತ್ತ ನೋಟರಿ, 'ಕವಾಲಿಯೇರೆ' ಬಿರುದಿನ ಗುಯೆರಿನೊ. ತಾಯಿ ಮಗಳು ಒಂದು ಇಡೀ ಒಣಗಿಸಿದ ಹಂದಿತೊಡೆಯನ್ನು ಹೊತ್ತುಕೊಂಡು ಅವರ ಮನೆಗೆ ಹೋದರು.

"ಸಿಞೋರಾ ಪಲ್ಮೀರಾ, ಲಂಚ ತಗೊಂಡು ಚಪ್ಪಾಳೆ ಹೊಡೆಯೋ ಊರುಗಳಿವೆ," ಎಂದು ಕವಾಲಿಯೇರೆ ಎದ್ದು ನಿಂತರು. "ನಮ್ಮಲ್ಲಿ ಶಿಳ್ಳೆಗೂ ಲಂಚ ನಡೆಯಲ್ಲ. ತೊಡೇನ ಅಲ್ಲಿಡಿ, ಮೇಜಿನ ಮೇಲೆ."

"ಒಂದೇ ಒಂದು ಸಣ್ಣ ಶಿಳ್ಳೆ, ಕವಾಲಿಯೇರೆ. ನಿಮ್ಮ ಮೊಮ್ಮಗಳು ಅಂದ್ಕೊಳ್ಳಿ."

"ಮೊಮ್ಮಗಳೇ ಆದ್ರೂ ಕಾರಣ ಬೇಕಮ್ಮ. ಇವ್ಳು ಕಾರಣ ಕೊಡ್ಲಿ, ನಾವು ಹಿಂದೆಮುಂದೆ ನೋಡಲ್ಲ."

ಹೀಗೆನ್ನುತ್ತ ಅವರು ತೊಡೆಯಿಂದ ಒಂದು ತೆಳು ಹೋಳು ಕತ್ತರಿಸಿ ತಿಂದರು. ಉಪ್ಪು ತುಸು ಜಾಸ್ತಿ ಎಂದು ಅದಕ್ಕೊಂದು ಶಿಳ್ಳೆಯನ್ನೂ ಹಾಕಿದರು. ಆ ಶಿಳ್ಳೆ ಹಂದಿಗೆ ಸೇರಿದ್ದಾದ್ದರಿಂದ ಓರ್ನೆಲ್ಲಾಳ ಹೆಸರಿಗೆ ಬರೆದುಕೊಳ್ಳುವಂತಿರಲಿಲ್ಲ.

ಕಾರಣ ಕೊಡುವುದೆಂದು ಅವಳು ತೀರ್ಮಾನಿಸಿದಳು. ಮುಂದಿನ ವಾರ ಕುರಿಗಾಹಿಯ ಹಾಡಿನ ತುತ್ತತುದಿಯ ಸ್ವರವನ್ನು ಬೇಕೆಂದೇ ಒಡೆದಳು. ಕಂಚಿನ ತಟ್ಟೆ ಬಾವಿಗೆ ಬಿದ್ದಂತಾಯಿತು. ಓರ್ನೆಲ್ಲಾ ಕಣ್ಣು ಮುಚ್ಚಿ ಕಾದಳು.

"ಅಯ್ಯೋ, ಕೂಸಿಗೆ ನೆಗಡಿ ಕಣ್ರೋ!" ಎಂದು ಮೇಲಟ್ಟದಿಂದ ಒಬ್ಬ ಹೆಂಗಸು ಕೂಗಿದಳು.

ಅದರ ಬೆನ್ನಿಗೇ ಹಿಂದೆಂದೂ ಇಲ್ಲದಂಥ ಚಪ್ಪಾಳೆ ಬಿತ್ತು. ಪ್ರದರ್ಶನ ಮುಗಿದ ಮೇಲೆ ಅವಳ ಕೋಣೆಗೆ ನಿಂಬೆಹಣ್ಣು, ಜೇನು, ಒಂದು ಉಣ್ಣೆಯ ಶಾಲು ಬಂದವು. ಮರುದಿನ ವಿಮರ್ಶಕರೊಬ್ಬರು, ಕುರಿಗಾಹಿಯ ಬಡತನವನ್ನು ಕಂಠದಲ್ಲೇ ತೋರಿಸಿದ ಮೊದಲ ಕಲಾವಿದೆ ಇವಳೆಂದು ಬರೆದರು. ಅದೇ ಹಾಡನ್ನು ಲಿಯೊಪೋಲ್ದಾ ಭಾನುವಾರದ ಕಛೇರಿಯಲ್ಲಿ, ಅದೃಷ್ಟವಶಾತ್, ಸ್ವರಶುದ್ಧವಾಗಿ ಹಾಡಿಬಿಟ್ಟರು. ಬಡತನ ಸಾಲದೆಂದು ಅವರಿಗೆ ಶಿಳ್ಳೆ ಬಿತ್ತು. ಅವರ ಅರ್ಹತೆ ಇನ್ನೂ ಒಂದು ಮೆಟ್ಟಿಲು ಏರಿತು.

ಕೊನೆಗೆ ಬಾಲ್ದೆಲ್ಲಿಯವರೂ ಕವಾಲಿಯೇರೆಯವರೂ ಒಟ್ಟಿಗೆ ಕೂತು, ಇಷ್ಟು ವರ್ಷ ಒಂದೂ ತಪ್ಪು ಮಾಡದಿರುವುದು ಶ್ರೋತೃಗಳಿಗೆ ಮಾಡಿದ ಅವಮಾನ, ಶಿಳ್ಳೆಗೆ ಇದು ತಕ್ಕ ಕಾರಣವೇ ಸರಿ, ಎಂಬ ನಿರ್ಣಯಕ್ಕೆ ಬಂದರು. ಮಂದಿರದ ಬಾಗಿಲಲ್ಲಿ ಪ್ರಕಟಣೆ ಹಚ್ಚಲಾಯಿತು:

"ಕುಮಾರಿ ಬೆರ್ತುಚ್ಚಿಯವರು ಗುರುವಾರ ಸಂಜೆ ರಾಣಿಯ ಹಾಡನ್ನು ಹಾಡಲಿದ್ದು, ಹಾಡು ಮುಗಿದೊಡನೆ ಅವರಿಗೆ ಗೌರವ ಶಿಳ್ಳೆ ಪ್ರದಾನ ಮಾಡಲಾಗುವುದು. ಶಿಳ್ಳೆ ಬಾರದವರು ಬಾಯಲ್ಲೇ 'ಊ' ಎನ್ನಬಹುದು. ಹಲ್ಲಿನ ಸೆಟ್ಟಿನವರಿಗೆ ವಿನಾಯಿತಿಯಿದೆ. ಯಾರೂ ಮೈಮರೆತು ಚಪ್ಪಾಳೆ ತಟ್ಟತಕ್ಕದ್ದಲ್ಲ."

ಗುರುವಾರ ಓರ್ನೆಲ್ಲಾ ಹಾಡಿದಳು. ಚೆನ್ನಾಗಿ ಹಾಡಿದಳು ಎಂದರೆ ಏನೂ ಹೇಳಿದಂತಾಗುವುದಿಲ್ಲ. ಬಯಸಿ ಬಯಸಿ ಸೋತ ಹುಡುಗಿ ಕೊನೆಗೊಮ್ಮೆ ಬಯಸಿದ್ದನ್ನು ಕೈಯಲ್ಲಿ ಹಿಡಿದು ಹಾಡಿದ ಹಾಡು ಅದು. ಮುಗಿದಾಗ ಯಾರೂ ಅಲ್ಲಾಡಲಿಲ್ಲ. ಕವಾಲಿಯೇರೆ ಎರಡು ಬೆರಳು ಬಾಯಲ್ಲಿಟ್ಟುಕೊಂಡು ಕೂತಿದ್ದರು, ಬೆರಳಿನ ಮೇಲೆ ಕಣ್ಣೀರು ಇಳಿಯುತ್ತಿತ್ತು, ಉಸಿರು ಮಾತ್ರ ಹೊರಡಲೊಲ್ಲದು. ಬಾಲ್ದೆಲ್ಲಿ ಕೆಳಗಿನಿಂದ ಗಾಬರಿಯಾಗಿ ಕೈಸನ್ನೆ ಮಾಡಿದರು. ಯಾರಾದರೂ ಒಬ್ಬರು ಚಪ್ಪಾಳೆ ತಟ್ಟಿದರೆ ಎಲ್ಲವೂ ಕೆಡುತ್ತಿತ್ತು.

ಆಗ ಮೇಲಟ್ಟದಲ್ಲಿ ಪಲ್ಮೀರಾ ಎದ್ದು ನಿಂತಳು. ಸಂಜೆ ಬೀದಿಯಲ್ಲಿ ಆಡುತ್ತಿದ್ದ ಮಗಳನ್ನು ಊಟಕ್ಕೆ ಕರೆಯುತ್ತಿದ್ದ ಅದೇ ಶಿಳ್ಳೆಯನ್ನು, ಮಂದಿರದ ದೀಪದ ಗೊಂಚಲು ಗಲಗಲಿಸುವಂತೆ ಹಾಕಿದಳು. ಸದ್ಯ ಯಾರೋ ಶುರುಮಾಡಿದರಲ್ಲ ಎಂದು ಉಳಿದವರೂ ದನಿಗೂಡಿಸಿದರು. ಎಲ್ಲ ಮೊದಲೇ ಗೊತ್ತಿದ್ದೂ ಓರ್ನೆಲ್ಲಾಳಿಗೆ ನಿಜವಾಗಿ ನೋವಾಯಿತು. ಅಷ್ಟು ಜನರ ಮುಂದೆ ಅತ್ತುಬಿಟ್ಟಳು, ಆದರೆ ಬೀಳಲಿಲ್ಲ. ಬಾಲ್ದೆಲ್ಲಿ ಬಗ್ಗಿ ನೋಡಿ, "ನಗಾರಿ ಸುರಕ್ಷಿತ!" ಎಂದು ಘೋಷಿಸಿದರು.

ಪಾತ್ರ ಸಿಕ್ಕಿತು. ಡಿಸೆಂಬರಿನಲ್ಲಿ ರಾಣಿ ವಿಷ ಕುಡಿದು ಊರಿಗೆ ಊರೇ ಹುಚ್ಚೆದ್ದಿತು. ಆಮೇಲೆ ಅರ್ಹ ಗಾಯಕಿಗೆ ಸಲ್ಲುವುದೆಲ್ಲ ಅವಳಿಗೆ ಸಂದಿತು: ಬಾಯಿ ತೆರೆಯುವ ಮೊದಲೇ ಚಪ್ಪಾಳೆ, ಹೇಗೆ ಹಾಡಿದರೂ ಹೊಗಳಿಕೆ. ಅರ್ಹತೆಯನ್ನು ಆಗಾಗ ನವೀಕರಿಸಬೇಕಿತ್ತು. ಉಳಿದವರಿಗೆ ಬಿಡುವಿಲ್ಲದ್ದರಿಂದ ಪಲ್ಮೀರಾಳನ್ನೇ ಖಾಯಂ ಶಿಳ್ಳೆಗಾರ್ತಿಯಾಗಿ ನೇಮಿಸಲಾಯಿತು. ಅವಳು ಕೆಲಸವನ್ನು ಮನಸ್ಸಿಗೆ ಹಚ್ಚಿಕೊಂಡಳು.

"ನಿನ್ನೆ ಶಿಳ್ಳೆ ಹಾಕ್ದೆ, ಕೇಳಿಸ್ತಾ?" ಎಂದಳು ಒಂದು ಭಾನುವಾರ ಸೂಪು ಬಡಿಸುತ್ತ.

"ಕೇಳಿಸ್ತು. ನವೀಕರಣ ಆಗ್ಲೇ ಆಗಿತ್ತಲ್ಲ, ಅಮ್ಮ?"

"ಅದು ನೌಕರಿದು. ಇದು ನಿಜವಾದ್ದು. ರಾಣಿ ಸಾಯೋ ಮುಂಚೆ, ಸ್ವರದ ಮಧ್ಯೆ ಉಸಿರು ಕದ್ದೆ ನೀನು."

ಓರ್ನೆಲ್ಲಾ ಚಮಚ ಕೆಳಗಿಟ್ಟಳು. ಅದೇ ಜಾಗವನ್ನು ಊರೆಲ್ಲ ಕೊಂಡಾಡಿತ್ತು. "ಎಲ್ಲಿ ಕದ್ದೆ? ಹಾಡಿ ತೋರ್ಸು," ಎಂದಳು. ಸೂಪು ಆರುವವರೆಗೂ ಇಬ್ಬರೂ ಹಾಡಿದರು.

ಸುದ್ದಿ ಮಂಡಳಿಗೆ ತಲುಪಿತು. ತಪ್ಪು ಕಂಡು ಶಿಳ್ಳೆ ಹಾಕುವುದು ಶಿಳ್ಳೆಗಾರ್ತಿಯ ವ್ಯಾಪ್ತಿಗೆ ಬರುವುದಿಲ್ಲ, ಇನ್ನು ಮುಂದೆ ಗಾಯಕಿ ನಿರ್ದೋಷವಾಗಿ ಹಾಡಿದಾಗ ಮಾತ್ರ ಹಾಕತಕ್ಕದ್ದು, ಎಂದು ಅಪ್ಪಣೆಯಾಯಿತು. ಕವಾಲಿಯೇರೆಗೆ ಇದು ನ್ಯಾಯವೆನಿಸಿತು. ಪಲ್ಮೀರಾಳೂ ತಲೆಬಾಗಿ ಒಪ್ಪಿದಳು. ಊರಿನಲ್ಲಿ ಯಾರದೂ ತಕರಾರಿಲ್ಲ.

ಹೋದ ಶನಿವಾರ ಇಡೀ ಮಂದಿರ ಎದ್ದು ನಿಂತು ಕೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿತು. ಮೇಲಟ್ಟದಿಂದ ಅಮ್ಮನ ಶಿಳ್ಳೆ ಬರಲಿಲ್ಲ. ಓರ್ನೆಲ್ಲಾ ತುಸು ಹೊತ್ತು ಮೇಲೆ ನೋಡುತ್ತ ನಿಂತಳು. ಆಮೇಲೆ ಬಾಗಿ ವಂದಿಸಿ, ಹೂವುಗಳನ್ನು ಸ್ವೀಕರಿಸಿ, ನೇರ ಅಭ್ಯಾಸದ ಕೋಣೆಗೆ ಹೋದಳು.