ಮಹಾಪಧಮನಿಗೆ ಸ್ಟೆಂಟ್ ಹಾಕಿಸಿಕೊಂಡವರನ್ನು ಬೈಯುವ ಕುರಿತು

ಆಡಳಿತ ವಿಭಾಗ, ರಕ್ತನಾಳ ಚಿಕಿತ್ಸಾ ಘಟಕ
ಕೊಡಿಯಾಲ್‌ಬೈಲ್, ಮಂಗಳೂರು

ಸಂಖ್ಯೆ: ರಚಿಘ/ಶಾಂತಿ/ತಿದ್ದುಪಡಿ-2

ವಿಷಯ: ರೋಗಿಯ ಶಾಂತಿಗಾಗಿ ಹೊರಡಿಸಿದ ಸುತ್ತೋಲೆಯಿಂದಲೇ ರೋಗಿಯ ಶಾಂತಿ ಕದಡಿದ ಬಗ್ಗೆ.

ಉಲ್ಲೇಖ: 1) "ರೋಗಿಯ ಎದುರು ಯಾರೂ ದನಿ ಎತ್ತಕೂಡದು" ಎಂಬ ನಮ್ಮ ಹಿಂದಿನ ಸುತ್ತೋಲೆ.
2) ಸಿಸ್ಟರ್ ಮೆಲಿಸಾ ಅವರು ಲಿಫ್ಟಿನ ಎದುರು ನೀಡಿದ ಮೌಖಿಕ ವರದಿ.

ಶಕ್ತಿನಗರದ ಹಾರ್ಡ್‌ವೇರ್ ಅಂಗಡಿ ಮಾಲೀಕರಾದ ಶ್ರೀ ಮೋಹನದಾಸ್ ಅವರು "ಈಗ ಎಂತ ತೊಂದರೆ ಇಲ್ಲ" ಎಂಬ ಸ್ವಯಂನಿರ್ಣಯದ ಮೇರೆಗೆ ಬಿಪಿ ಮಾತ್ರೆ ನಿಲ್ಲಿಸಿದ್ದು, ತತ್ಪರಿಣಾಮವಾಗಿ ಅವರ ಮಹಾಪಧಮನಿಯ ಒಳಪದರ ಹರಿದು, ಪದರಗಳ ನಡುವೆ ರಕ್ತ ನುಗ್ಗಿರುತ್ತದೆ. ತೊಡೆಸಂದಿನ ರಕ್ತನಾಳದ ಮೂಲಕ ಬಟ್ಟೆ ಹೊದಿಸಿದ ಸ್ಟೆಂಟನ್ನು ಒಳಗೇರಿಸಿ ಹರಿದ ಜಾಗವನ್ನು ಮುಚ್ಚಲಾಗಿದೆ. ಇನ್ನು ಬಿಪಿ ಏರಿದರೆ ಜೀವಕ್ಕೇ ಅಪಾಯವಿರುವುದರಿಂದ, ನೋಡಲು ಬರುವ ಬಂಧುಬಳಗದವರು ಕೆಳಕಂಡಂತೆ ನಡೆದುಕೊಳ್ಳಲು ಆದೇಶಿಸಲಾಗಿದೆ.

1. "ಸ್ಟೆಂಟ್ ಅಲ್ವಾ, ನಮ್ಮ ಭಾವನಿಗೂ ಉಂಟು ಮೂರು. ಮರುದಿನವೇ ಬಂದು ಬಂಗುಡೆ ತಿಂದಿದ್ದಾರೆ" ಎಂಬ ಹೇಳಿಕೆಯನ್ನು ನಿಷೇಧಿಸಲಾಗಿದೆ. ಸದರಿ ಭಾವನ ಸ್ಟೆಂಟುಗಳು ಹೃದಯದ ಸಣ್ಣ ನಾಳದವು. ಇದು ದೇಹದ ಅತಿ ದೊಡ್ಡ ನಾಳದ್ದು. ಭಾವನವರು ಖುದ್ದಾಗಿ ಹಾಜರಾಗಿ, ಅಂಗಿಯ ಗುಂಡಿ ತೆಗೆದು, ಯಾವುದು ಎಲ್ಲಿದೆ ಎಂದು ಬೆರಳಿಟ್ಟು ತೋರಿಸುವುದಕ್ಕೂ ಅನುಮತಿ ಇರುವುದಿಲ್ಲ.

2. "ಪೈಪಿನೊಳಗೆ ಪೈಪ್ ಅಲ್ವಾ ಮಾರಾಯ್ರೇ, ನಮ್ಮ ಬೋರ್‌ವೆಲ್‌ಗೂ ಹಾಕಿದ್ದೇವೆ. ಆದ್ರೆ ಆಮೇಲೆ ಕೆಸರು ಬಂತು" ಎಂದು ರೋಗಿಗೆ ಧೈರ್ಯ ತುಂಬಿದ ವಾಮಂಜೂರಿನ ಬಂಧುಗಳು ಇನ್ನು ಮುಂದೆ ಕಾರಿಡಾರಿನಲ್ಲಿಯೇ ಕುಳಿತು ಧೈರ್ಯ ತುಂಬತಕ್ಕದ್ದು.

3. ರೋಗಿಯ ಸೋದರಳಿಯ ಶ್ರೀ ಮುಖೇಶ್ ಅವರು ದುಬೈಯಲ್ಲಿ ತಮ್ಮ ರೂಮಿನವರೆಲ್ಲರಿಗೂ ಸ್ಕ್ಯಾನ್ ಚಿತ್ರವನ್ನು ತೋರಿಸಿ, ಸ್ಟೆಂಟ್ ಬೇಕಿತ್ತೇ ಎಂದು ಕೈ ಎತ್ತಿಸಿರುವುದು ಗಮನಕ್ಕೆ ಬಂದಿದೆ. ಶಸ್ತ್ರಚಿಕಿತ್ಸೆ ಮುಗಿದ ಬಳಿಕ ಮತದಾನಕ್ಕೆ ಅವಕಾಶವಿರುವುದಿಲ್ಲ.

4. ಕಂಬಳದ ವಿಷಯ ಎತ್ತಕೂಡದು. ಎತ್ತಲೇಬೇಕಾದಲ್ಲಿ, ಓಡದೆ ನಿಂತ ಕೋಣಗಳ ಬಗ್ಗೆ ಮಾತ್ರ ಮಾತನಾಡತಕ್ಕದ್ದು.

5. ಮಾನಿಟರ್ ನೋಡಿ "ಅಯ್ಯೋ" ಎನ್ನಬಾರದು. ತಡೆಯಲಾಗದವರು ಲಿಫ್ಟಿನಲ್ಲಿ ನೆಲಮಹಡಿಗೆ ಇಳಿದು, ಅಲ್ಲಿ ಅಂದು, ಮೇಲೆ ಬರತಕ್ಕದ್ದು.

6. ಮೇಲ್ಕಂಡವರೆಲ್ಲರನ್ನೂ ಹೊರಗೆ ಕಳುಹಿಸಿದ ಮೇಲೂ ಬಿಪಿ ಇಳಿಯದ ಕಾರಣ ವಿಚಾರಣೆ ನಡೆಸಲಾಗಿ, ತಪ್ಪು ಈ ವಿಭಾಗದ್ದೇ ಎಂದು ಕಂಡುಬಂದಿದೆ. ರೋಗಿಯ ಪತ್ನಿ ಶ್ರೀಮತಿ ಕಿನ್ನಿಯವರು ಮದುವೆಯಾದಂದಿನಿಂದ ಪತಿಯನ್ನು ತಪ್ಪದೆ ಬೈಯುತ್ತ ಬಂದವರು. ಉಲ್ಲೇಖ (1)ನ್ನು ಅಕ್ಷರಶಃ ಪಾಲಿಸಿದ ಏಕೈಕ ವ್ಯಕ್ತಿಯೂ ಅವರೇ. ಅವರು ನಗುನಗುತ್ತ ಹಣೆ ಸವರಿ, "ಪರವಾಗಿಲ್ಲ, ಮಲಗಿ" ಎಂದಿರುತ್ತಾರೆ. ಇದರಿಂದ ಗಾಬರಿಗೊಂಡ ರೋಗಿಯು ಸಿಸ್ಟರ್ ಮೆಲಿಸಾ ಅವರ ಕೈ ಹಿಡಿದು, "ಸಿಸ್ಟರ್, ಸತ್ಯ ಹೇಳಿ. ಮಾತ್ರೆ ಬಿಟ್ಟದ್ದಕ್ಕೆ ಅವಳು ಒಂದು ಮಾತು ಬೈಲಿಲ್ಲ. ಡಾಕ್ಟ್ರು ಅವಳ ಹತ್ರ ಎಂತದೋ ಹೇಳಿದ್ದಾರೆ. ನಾನು ಉಳಿಯುದಿಲ್ಲ ಅಲ್ವಾ?" ಎಂದು ಕೇಳಿದ್ದು, ಆಗ ಮಾನಿಟರ್ ಕೂಗಿಕೊಂಡಿರುತ್ತದೆ.

7. ತತ್‌ಕ್ಷಣವೇ ಉಲ್ಲೇಖ (1)ನ್ನು ಬಾಯಿಮಾತಿನಲ್ಲಿ ರದ್ದುಪಡಿಸಿ ಕಿನ್ನಿಯವರನ್ನು ಒಳಗೆ ಬಿಡಲಾಯಿತು. ಅವರ ಹೇಳಿಕೆಯ ಕಚೇರಿ ಅನುವಾದ ಹೀಗಿದೆ (ಕೆಲವು ತುಳು ಪದಗಳಿಗೆ ಆಡಳಿತ ಭಾಷೆಯಲ್ಲಿ ಸಮಾನಪದ ದೊರೆತಿಲ್ಲ): "ಮಾತ್ರೆ ಬಿಡ್ಲಿಕ್ಕೆ ನಿಮಗೆ ಹೇಳಿದ್ದು ಯಾರು? ಅಂಗಡಿಯಲ್ಲಿ ಒಂದು ಮೊಳೆ ಕಡಿಮೆಯಾದ್ರೆ ಗೊತ್ತಾಗ್ತದೆ, ನಿಮ್ಮ ಜೀವದ ಬಗ್ಗೆ ಗೊತ್ತಾಗುದಿಲ್ವಾ? ನೀವು ಹೋದ್ರೆ ನಾನು ಯಾರಿಗೆ ಬೈಯುದು?" ಬಿಪಿ ವೈದ್ಯರು ಹೇಳಿದ ಮಿತಿಗೆ ಇಳಿದು, ರೋಗಿಯು ನಿದ್ದೆ ಹೋಗಿರುತ್ತಾರೆ. ಕಿನ್ನಿಯವರು ಹೊರಬಂದು ಕಾರಿಡಾರಿನಲ್ಲಿ ಪೂರ್ವಾನುಮತಿ ಇಲ್ಲದೆ ಅತ್ತದ್ದನ್ನು ಮನ್ನಿಸಲಾಗಿದೆ.

8. ಆದ್ದರಿಂದ, ಸ್ವಂತ ಪತ್ನಿಯ ಬೈಗುಳವನ್ನು ಚಿಕಿತ್ಸೆಯ ಭಾಗವೆಂದು ಪರಿಗಣಿಸಿ ಮಂಜೂರು ಮಾಡಲಾಗಿದೆ. ಷರತ್ತುಗಳು:
(ಅ) ಬೈಗುಳವು ಮಾತ್ರೆಗೆ ಬದಲಿಯಲ್ಲ. ಮಾತ್ರೆ ನುಂಗಿಸಿದ ನಂತರವೇ ಬೈಯತಕ್ಕದ್ದು.
(ಆ) ರೋಗಿಯ ಅತ್ತಿಗೆ, ನಾದಿನಿಯರು ಈ ಸೌಲಭ್ಯವನ್ನು ಬಳಸಿಕೊಳ್ಳತಕ್ಕದ್ದಲ್ಲ.
(ಇ) ಪತ್ನಿ ಊರಲ್ಲಿಲ್ಲದ ರೋಗಿಗಳಿಗೆ, ಕೆಳಗೆ ಸಹಿ ಮಾಡಿದವರ ಪತ್ನಿಯು ಅನುಭವದ ಆಧಾರದ ಮೇಲೆ ಸೇವೆ ಒದಗಿಸಲು ಮುಂದೆ ಬಂದಿದ್ದು, ಪ್ರಸ್ತಾವನೆ ಪರಿಶೀಲನೆಯಲ್ಲಿದೆ.

ಸಹಿ/-
(ಪೃಥ್ವಿರಾಜ್)
ಆಡಳಿತಾಧಿಕಾರಿ
(ಇಂದಿನ ಬಿಪಿ ಮಾತ್ರೆ ನುಂಗಿದ ನಂತರ ಸಹಿ ಮಾಡಲಾಗಿದೆ)

ಪ್ರತಿಗಳು:
1. ಸಿಸ್ಟರ್ ಮೆಲಿಸಾ: ಬೈಗುಳದ ವೇಳೆ ಬಾಗಿಲು ಮುಚ್ಚುವ ಸಲುವಾಗಿ.
2. ಮೂರು ಸ್ಟೆಂಟಿನ ಭಾವನವರು: ಮಾಹಿತಿಗಾಗಿ ಮಾತ್ರ. ಬರುವ ಅಗತ್ಯವಿಲ್ಲ.
3. ಶ್ರೀ ಮುಖೇಶ್, ದುಬೈ: ರೂಮಿನವರ ಅವಗಾಹನೆಗಾಗಿ.
4. ಶ್ರೀಮತಿ ಕಿನ್ನಿ: ಪಾಲನೆಗಾಗಿ, ದಿನವೂ, ಮನೆಗೆ ಹೋದ ಮೇಲೂ.
5. ಶ್ರೀ ಮೋಹನದಾಸ್: ಪ್ರತಿ ನೀಡಿರುವುದಿಲ್ಲ. ಕ್ರಮಸಂಖ್ಯೆ 4ರವರು ಓದಿ ಹೇಳುತ್ತಾರೆ, ದನಿ ಎತ್ತಿ.